ಒಪ್ಪಿಗೆ ಕೇಳದ ಹರಾಜು

ಬೆಂಗಳೂರಿನ ಹರಾಜು ಹಾಲ್‌ನಲ್ಲಿ ಸುತ್ತಿಗೆ ಬಿದ್ದದ್ದೇ ತಡ, ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ ಎದ್ದು ನಿಂತು, “ನಂಗೆ ಒಪ್ಗೆ ಇಲ್ಲ ಕಣಪ್ಪ, ನಾ ಕೊಡಾಕಿಲ್ಲ” ಎಂದು ಕೂಗಿಬಿಟ್ಟರು.

ಆಗಷ್ಟೇ ಮಾರಾಟವಾಗಿದ್ದು, ತೀರಿಕೊಂಡ ದೊಡ್ಡಪ್ಪ ಚನ್ನಪಟ್ಟಣದ ತಮ್ಮ ಸ್ಟುಡಿಯೊದಲ್ಲಿ ತೆಗೆದಿದ್ದ ಹಳೆಯ ಕಪ್ಪು ಬಿಳುಪು ಫೋಟೊ. ಮೊರದ ತುಂಬ ರೇಷ್ಮೆಗೂಡು, ಪಕ್ಕದಲ್ಲೊಂದು ಹಿತ್ತಾಳೆ ಚೊಂಬು, ಅಷ್ಟೇ. ಅಕ್ಕೂರಿನಲ್ಲಿ ಗೂಡು ಬೆಳೆದು ರಾಮನಗರದ ಮಾರುಕಟ್ಟೆಗೆ ಒಯ್ಯುವವರು ದೊಡ್ಡಮ್ಮನೇ. ಅಲ್ಲಿ ಹರಾಜು ಎಷ್ಟೇ ಏರಲಿ, ರೈತ ಒಪ್ಪಿದರೆ ಮಾತ್ರ ಮಾರಾಟ. ಇಲ್ಲಿ ಹಾಗಲ್ಲ ಎಂದು ಅವರಿಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

“ಸುತ್ತಿಗೆ ಬಿದ್ದ ಮೇಲೆ ಮುಗೀತಮ್ಮ” ಎಂದರು ಹರಾಜು ಕೂಗುವವರು. ಸೆಕ್ಯುರಿಟಿಯವರು ನಮ್ಮತ್ತ ಹೊರಟರು. ನಾನು ಸೆರಗು ಹಿಡಿದು ಎಳೆದೆ, ದೊಡ್ಡಮ್ಮ ಕೂರಲಿಲ್ಲ. ಫೋಟೊ ಕೊಂಡ ಹೆಂಗಸು ಮುಂದಿನ ಸಾಲಿನಿಂದ ತಿರುಗಿ, “ರೇಟು ಸಾಲದಾ ಅಮ್ಮ?” ಎಂದು ಕೇಳಿದರು.

“ರೇಟಲ್ಲ ಕಣವ್ವ. ಆ ಮೂಲೇಲಿ ಬಿದ್ದೈತಲ್ಲ ನೆಳ್ಳು, ಅದು ನಂದು. ಅವ್ರು ತೆಗೆಯೋವಾಗ ಬೆಳಕಿಗೆ ಅಂತ ಬಿಳಿ ಪಂಚೆ ಹಿಡ್ಕೊಂಡು ನಿಂತಿದ್ದೆ. ಇಲ್ಲಿ ಪರದೆ ಮ್ಯಾಲೆ ದೊಡ್ಡದು ಮಾಡಿ ತೋರಿಸ್ದಾಗ್ಲೇ ನಂಗೂ ಕಾಣಿಸ್ತು.”

ಹೆಂಗಸು ಪರದೆಯ ಮೂಲೆಯಲ್ಲಿದ್ದ ಆ ನೆರಳನ್ನು ನೋಡಿದರು. ಆದರೆ ಫೋಟೊ ಬಿಟ್ಟುಕೊಡಲಿಲ್ಲ.

ಫೋಟೊ ಮಾರೋಣವೇ ಎಂದು ಕೇಳಿದಾಗ ದೊಡ್ಡಮ್ಮ ಅಷ್ಟು ಸಲೀಸಾಗಿ ಹೂಂ ಎಂದದ್ದೇಕೆಂದು ಈಗ ಗೊತ್ತು: ಕೊನೆಗೆ ಬೇಡವೆನ್ನಬಹುದು ಎಂದುಕೊಂಡಿದ್ದರು. ಅದಾದ ಮೇಲೆ, ಮೊನ್ನೆ ರಾಮನಗರದ ಹರಾಜಿನಲ್ಲಿ ನಮ್ಮ ಗೂಡಿಗೆ ಒಳ್ಳೆಯ ರೇಟೇ ಬಂತು. ದೊಡ್ಡಮ್ಮ ನನ್ನತ್ತ ಒಮ್ಮೆ ನೋಡಿ, “ಒಪ್ಗೆ ಇಲ್ಲ” ಎಂದರು. ಅಲ್ಲಿ ಯಾರೂ ಕಾರಣ ಕೇಳಲಿಲ್ಲ.