ವೈರಮ್ಮನ ಪಂಚೆ

ಆದಿವಾಲದ ರಂಜಿತಾ ಡೆಂಗೆ ಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಯಿತು. ಅವಳ ಹೆಸರೆತ್ತಿದರೆ ‘ಪಾಪ’ ಎನ್ನುವವರು ಇನ್ನೂ ಸಿಗುತ್ತಾರೆ. ಬದುಕಿದ್ದಾಗ ಅವಳಿಗೆ ಸ್ವಲ್ಪವೂ ಹಿಡಿಸದ ಮಾತು ಅದು. ಉಳಿದದ್ದನ್ನೆಲ್ಲ ತಡೆದುಕೊಂಡಳು, ಇಲ್ಲವೇ ತಿರುಗಿಸಿ ಕೊಟ್ಟಳು.

‘ವೈರಮ್ಮ’ ಎಂಬ ಅಡ್ಡಹೆಸರನ್ನೂ ಹಾಗೆಯೇ. ಹಿರಿಯೂರಿನ ಕರೆಂಟ್ ಕಂಟ್ರಾಕ್ಟರ್ ಪರಮೇಶನ ಹತ್ತಿರ ಅವಳು ಮೊದಲು ಹೋದದ್ದು ಕೂಲಿಗೆ, ಪೈಪು ಹೂಳಲು ಗೋಡೆ ಕೊರೆಯುವುದಕ್ಕೆ. ಕೊರೆದ ಗೋಡೆಯೊಳಗೆ ಏನು ಹೋಗುತ್ತದೆ, ಎಲ್ಲಿಂದ ಬಂದು ಎಲ್ಲಿಗೆ ಸೇರುತ್ತದೆ ಎಂದು ಕೇಳುತ್ತಾ ಕೇಳುತ್ತಾ ವೈರು ಎಳೆದಳು, ಬೋರ್ಡು ಕೂರಿಸಿದಳು. ಕೆಲವು ವರ್ಷಗಳಲ್ಲಿ ಇಡೀ ಮನೆಯ ವೈರಿಂಗನ್ನು ಒಬ್ಬಳೇ ಮುಗಿಸುವಂತಾದಳು. ವೈರು ಹಿಡಿದವಳೆಂದೋ, ವೈರ ಕಟ್ಟಿಕೊಳ್ಳುವವಳೆಂದೋ, ಗಾರೆ ಮೇಸ್ತ್ರಿ ಪಾಲಣ್ಣ ಆ ಹೆಸರಿಟ್ಟ.

“ವೈರಮ್ಮ ಬಂದ್ಲು, ದೂರ ನಿಂತ್ಕಳ್ರಪ್ಪ, ಶಾಕ್ ಹೊಡಿತಾಳೆ.”

“ಸುಮ್ನಿರೋರಿಗೆ ಲೈಟು, ಕೈ ಹಾಕಿದೋರಿಗೆ ಶಾಕು. ನಿಂಗ್ಯಾವ್ದು ಬೇಕು ಪಾಲಣ್ಣ?”

ಅಂದಿನಿಂದ ಫೋನಿನಲ್ಲೂ ‘ನಾನು ವೈರಮ್ಮ’ ಎಂದೇ ಮಾತು ಶುರು ಮಾಡುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ವೈರ್‌ಮನ್ ಪರ್ಮಿಟ್. ಅದು ಕೈಯಲ್ಲಿದ್ದರೆ ಇನ್ನೊಬ್ಬರ ಹೆಸರಿಗೆ ದುಡಿಯಬೇಕಿಲ್ಲ. ಆದರೆ ಪರ್ಮಿಟ್ಟಿನ ಪರೀಕ್ಷೆಗೆ ಕೂರಬೇಕಾದರೆ, ತನ್ನ ಕೈಕೆಳಗೆ ವೈರಿಂಗ್ ಮಾಡಿದ್ದಾಳೆಂದು ಲೈಸೆನ್ಸಿರುವ ಕಂಟ್ರಾಕ್ಟರ್ ಬರೆದು ರುಜು ಹಾಕಬೇಕು. ಪರಮೇಶ ಬರೆದುಕೊಟ್ಟ. ‘ಗೋಡೆ ಕೊರೆಯುವ ಸಹಾಯಕಿ’ ಎಂದು ಬರೆದುಕೊಟ್ಟ.

“ಇದಕ್ಕೆ ಪರೀಕ್ಷೆಗೆ ಕೂರ್ಸಲ್ಲ ಪರಮೇಶಣ್ಣ. ವೈರಿಂಗ್ ಅಂತ ಬರೀರಿ.”

“ಏನಮ್ಮ ನೀನು. ಪರಮೇಶಿ ಹೆಂಗಸಿನ ಕೈಲಿ ವೈರಿಂಗ್ ಮಾಡಿಸ್ತಾನೆ ಅಂದ್ರೆ ನನಗೆ ಯಾರು ಕೆಲಸ ಕೊಡ್ತಾರೆ? ಗೋಡೆ ಕೊರೆದಿಲ್ವಾ ನೀನು? ಸುಳ್ಳೇನೂ ಬರೆದಿಲ್ಲ.”

“ಗೋಡೆ ಕೊರೆದದ್ದು ನಿಜ. ಆಮೇಲಿಂದು ಎಲ್ಲೋಯ್ತು?”

ಅವನು ನಕ್ಕು ಫೋನೆತ್ತಿಕೊಂಡ. ಅವಳು ಆ ಕಾಗದವನ್ನು ಅವನ ಮೇಜಿನ ಮೇಲೆಯೇ ಬಿಟ್ಟು ಬಂದಳು. ಅರ್ಜಿ ಹಾಕುವ ಕೊನೆಯ ದಿನ ಹತ್ತಿರವಿತ್ತು. ಅವಳು ದುಡಿದದ್ದೆಲ್ಲ ಪರಮೇಶನ ಹತ್ತಿರವೇ, ಬೇರೆ ಯಾರೂ ಬರೆದುಕೊಡುವಂತಿರಲಿಲ್ಲ.

ಅದೇ ವಾರ ಹೊಸದುರ್ಗ ರಸ್ತೆಯಲ್ಲಿ ಅನ್ನಪೂರ್ಣಮ್ಮನವರ ಹೊಸ ಮನೆಯ ಗೃಹಪ್ರವೇಶ. ಆ ಮನೆಯ ಒಂದೊಂದು ಸ್ವಿಚ್ಚೂ ರಂಜಿತಾಳ ಕೈಯದು. ಪೂಜೆ ಮುಗಿದ ಮೇಲೆ ಮನೆ ಕಟ್ಟಿದವರನ್ನು ಚಾಪೆಯ ಮೇಲೆ ಕೂರಿಸಿ, ಎಲೆಅಡಿಕೆಯ ಜತೆ ಪಂಚೆ, ಟವೆಲು ಕೊಟ್ಟು ಮರ್ಯಾದೆ ಮಾಡುವುದು ರೂಢಿ. ಪಾಲಣ್ಣ ಕೂತ, ಬಡಗಿ ಕೂತ, ಕರೆಂಟಿನವರ ಪರವಾಗಿ ಪರಮೇಶ ಗರಿಗರಿ ಅಂಗಿ ತೊಟ್ಟು ಕೂತ. ರಂಜಿತಾಳನ್ನು ಹೆಂಗಸರು ಒಳಗೆ ಕರೆದು, ಅರಿಶಿನ ಕುಂಕುಮ ಕೊಟ್ಟು, ರವಿಕೆ ಕಣ ಮುಂದೆ ಹಿಡಿದರು.

ಕುಂಕುಮ ಇಟ್ಟುಕೊಂಡಳು. ಕಣ ಮುಟ್ಟಲಿಲ್ಲ.

“ಇದು ನೆಂಟರಿಗೆ ಕೊಡೋದು. ನಾನು ಕೆಲಸ ಮಾಡಿದೋಳು. ನನಗೆ ಪಂಚೆ ಕೊಡ್ರಿ.”

“ಅಯ್ಯೋ, ಪಂಚೆ ಉಟ್ಕಂತೀಯೇನೇ?” ಎಂದು ಒಬ್ಬಳು ನಕ್ಕಳು.

“ಉಟ್ಕಂತೀನೋ ಒಲೆಕಟ್ಟೆ ಒರೆಸ್ತೀನೋ, ನಂದು ನನಗೆ ಬರ್ಲಿ.”

ನೆಟ್ಟಗೆ ನಡುಮನೆಗೆ ಬಂದು ಚಾಪೆಯ ಮೇಲೆ ಪರಮೇಶನ ಪಕ್ಕದಲ್ಲಿ ಕೂತಳು. ಮಾತಾಡುತ್ತಿದ್ದವರೆಲ್ಲ ಇತ್ತ ತಿರುಗಿದರು.

“ಸರ್ಕಳಪ್ಪ ಪರಮೇಶಿ, ಶಾಕ್ ಹೊಡಿತೈತೆ,” ಎಂದ ಪಾಲಣ್ಣ.

ತಟ್ಟೆ ಹಿಡಿದು ಬಂದ ಅನ್ನಪೂರ್ಣಮ್ಮ ಅಲ್ಲೇ ನಿಂತರು. ಕರೆಂಟಿನವರಿಗೆಂದು ತಂದದ್ದು ಒಂದೇ ಪಂಚೆ. ಮನೆ ಏಳುವಷ್ಟು ದಿನವೂ ಏಣಿಯ ಮೇಲೆ ಯಾರಿದ್ದರೆಂದು ಅವರಿಗೆ ಗೊತ್ತು.

“ಪರಮೇಶ, ಈ ಮನೆ ವೈರಿಂಗ್ ಮಾಡಿದ್ದು ಯಾರಪ್ಪ?”

ಪರಮೇಶ ಪುರೋಹಿತರನ್ನು ನೋಡಿದ, ಬಾಗಿಲಲ್ಲಿ ನಿಂತ ಜನರನ್ನು ನೋಡಿದ. ರಂಜಿತಾ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಹೊಸ್ತಿಲು ಪೂಜೆ ಮಾಡಿದ ಮನೆಯಲ್ಲಿ ಕೂತು ಸುಳ್ಳು ಹೇಳಲು ಅವನಿಗೂ ನಾಲಗೆ ಏಳಲಿಲ್ಲ.

“ಅವಳೇ ಅಮ್ಮ. ನಾನು ಬಂದು ನೋಡ್ಕಂಡು ಹೋಗ್ತಿದ್ದೆ ಅಷ್ಟೆ.”

ಪಂಚೆ ಅವಳ ಕೈಗೆ ಬಂತು. ಮಾರನೆಯ ದಿನ ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಪರಮೇಶನ ಅಂಗಡಿಗೆ ಹೋದಳು.

“ನಿನ್ನೆ ಬಾಯಲ್ಲಿ ಹೇಳಿದ್ದನ್ನ ಇವತ್ತು ಪೇಪರಲ್ಲಿ ಬರೀರಿ.”

“ಬರೀದಿದ್ರೆ?”

“ಈ ಪಂಚೆ ನಿಮ್ಮ ಅಂಗಡಿ ಬಾಗಿಲಿಗೆ ಕಟ್ಟಿ ಹೋಗ್ತೀನಿ. ಯಾರದಿದು ಅಂತ ಕೇಳಿದೋರಿಗೆಲ್ಲ ನೀವೇ ಹೇಳ್ಕಳ್ರಿ.”

ಪರಮೇಶ ಪಂಚೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಪೆನ್ನು ತೆಗೆದ. ವೈರಿಂಗ್ ಎಂದೇ ಬರೆದ. ರುಜು ಹಾಕುತ್ತಾ, “ಪಾಸಾದ್ರೆ ನನ್ನ ಅಂಗಡಿ ಎದುರಿಗೇ ಬೋರ್ಡ್ ಹಾಕ್ತೀಯ ನೀನು,” ಎಂದ.

“ಹಾಕ್ತೀನಿ. ನಿಮಗೆ ಕೆಲಸ ಕಮ್ಮಿಯಾದ್ರೆ ಬರ್ರಿ, ಗೋಡೆ ಕೊರೆಯೋಕೆ ಜನ ಬೇಕಾಗ್ತಾರೆ.”

ಅರ್ಜಿ ಒಪ್ಪಿಗೆಯಾಗಿ ಹಾಲ್ ಟಿಕೆಟ್ ಬಂತು. ಚಿತ್ರದುರ್ಗಕ್ಕೆ ಹೋಗಬೇಕಾದ ವಾರವೇ ಜ್ವರವೂ ಬಂತು. ಅದನ್ನು ಎದುರಿಸಿ ಕೂರಲು ಚಾಪೆ ಇರಲಿಲ್ಲ.

ಮಣ್ಣಿಗೆ ಬಂದವರು ಅವಳಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿದರು. “ಪಾಪ, ಪರೀಕ್ಷೆಗೆ ಕೂರೋದ್ರೊಳಗೇ ಹೋದ್ಲು,” ಎಂದಳು ನೆಂಟರ ಹೆಂಗಸೊಬ್ಬಳು. ರಂಜಿತಾ ಏಣಿ ಹತ್ತುವುದನ್ನು ಒಂದು ದಿನವೂ ಒಪ್ಪದಿದ್ದ ಅತ್ತೆ ಪುಟ್ಟಕ್ಕ ಎದ್ದು ಒಳಗೆ ಹೋದಳು. ಟ್ರಂಕಿನಿಂದ ಆ ಪಂಚೆ ತಂದು ಮಡಿಕೆ ಬಿಚ್ಚಿ ಸೀರೆಯ ಮೇಲೆ ಹೊದಿಸಿದಳು.

“ಗಂಡಸರ ಪಂಚೆ ಯಾಕೆ ಹೊದಿಸ್ತೀಯ ಪುಟ್ಟಕ್ಕ?”

“ಗಂಡಸರದಲ್ಲ,” ಎಂದಳು ಪುಟ್ಟಕ್ಕ, ಅಂಚು ಕಾಣುವಂತೆ ಎಳೆದು ಸರಿಮಾಡುತ್ತಾ. “ವೈರಿಂಗ್ ಮಾಡಿದೋರದು.”