ಟೀವಿಗೆ ಹೊದಿಸಿದ ಒದ್ದೆ ಗೋಣಿ

ನಾನು ಚಿಕ್ಕವಳಿದ್ದಾಗ ಒಂದು ಭಾನುವಾರ ನಮ್ಮ ಮನೆಯ ಟೀವಿಯನ್ನು ಕೆಡಿಸಿಬಿಟ್ಟೆ. ಬೇಕೆಂದು ಕೆಡಿಸಲಿಲ್ಲ ಮಕ್ಕಳೇ, ಅದಕ್ಕೆ ಒಳ್ಳೆಯದು ಮಾಡಲು ಹೋಗಿ ಕೆಡಿಸಿದೆ. ಬೇಕೆಂದೇ ಕೆಡಿಸಿದ್ದರೆ ಇಷ್ಟು ವರ್ಷ ಅದು ಮನಸ್ಸನ್ನು ಕೊರೆಯುತ್ತಿರಲಿಲ್ಲವೇನೋ. ನಿಮ್ಮಲ್ಲಿ ಯಾರಾದರೂ ಏನನ್ನಾದರೂ ಮುರಿದು ಬಚ್ಚಿಟ್ಟಿದ್ದರೆ ಮೊದಲು ಹೋಗಿ ಹೇಳಿ ಬನ್ನಿ. ನಾನು ಕಾಯುತ್ತೇನೆ.

ನಮ್ಮ ಮನೆ ಇದ್ದದ್ದು ಶಿಡ್ಲಘಟ್ಟದ ಅಂಚಿನಲ್ಲಿ, ಸಾದಲಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ. ಅರ್ಧ ಮನೆ ನಮ್ಮದು, ಅರ್ಧ ಮನೆ ರೇಷ್ಮೆ ಹುಳುಗಳದ್ದು. ಒಳ್ಳೆಯ ಅರ್ಧ ಹುಳುಗಳದ್ದೇ, ಗಾಳಿ ಆಡುವ ಕಿಟಕಿಗಳೆಲ್ಲ ಆ ಕಡೆಗಿದ್ದವು. ಬಿದಿರಿನ ತಟ್ಟೆಗಳಲ್ಲಿ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದು ಗೋಡೆಯ ಈಚೆಗೂ ಕೇಳುತ್ತಿತ್ತು. ಹುಳುಗಳಿಗೆ ಸೆಕೆ ತಡೆಯದು. ಅದಕ್ಕೇ ಬೇಸಿಗೆಯಲ್ಲಿ ಬಿಸಿಲು ಏರುತ್ತಿದ್ದಂತೆ ಅಪ್ಪ ಗೋಣಿಚೀಲಗಳನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ಹಿಂಡಿ, ಹುಳು ಮನೆಯ ಕಿಟಕಿಗಳಿಗೆ ತೂಗುಹಾಕುತ್ತಿದ್ದರು. ಹೊರಗಿನ ಕಾದ ಗಾಳಿ ಆ ಗೋಣಿಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಏನೇ ಕಾದರೂ ಒದ್ದೆ ಗೋಣಿಯೇ ಮದ್ದು ಅಂತ ನನ್ನ ತಲೆಯಲ್ಲಿ ಕೂತದ್ದು ಹಾಗೆ.

ಟೀವಿ ಗೋಡೆಯ ಈಚೆಗೆ, ನಡುಮನೆಯಲ್ಲಿತ್ತು. ಚಿಕ್ಕಬಳ್ಳಾಪುರದಿಂದ ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ಅಷ್ಟು ದೊಡ್ಡ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಲಾರದೆ ಅಪ್ಪನಿಗೆ ದಾಟಿಸಿದ್ದರು. ಆಗಲೇ ಅದು ಮುದಿ ಟೀವಿ. ನಾಲ್ಕು ಕಾಲು, ಮರದ ಮೈ, ಮುಂದೆ ಎಳೆದು ಮುಚ್ಚುವ ಬಾಗಿಲು, ಚಿತ್ರ ಕಪ್ಪು ಬಿಳುಪು. ಒಳಗೆ ವಾಲ್ವ್ ಎನ್ನುವ ಗಾಜಿನ ಬುರುಡೆಗಳಿದ್ದವು, ಹೆಬ್ಬೆರಳಿನ ಗಾತ್ರದವು. ಗುಂಡಿ ತಿರುಗಿಸಿದ ಕೂಡಲೇ ಏನೂ ಬರುತ್ತಿರಲಿಲ್ಲ. ಮೊದಲು ಆ ಬುರುಡೆಗಳು ಕೆಂಪಗೆ ಕಾಯಬೇಕು, ಆಮೇಲೆ ಗೊರಗೊರ ಸದ್ದು, ಅದಾದ ಮೇಲೆ ಚಿತ್ರ. ಮೇಲುಗಡೆಯ ಸೀಳುಗಳಿಂದ ಕಾದ ಧೂಳಿನ ವಾಸನೆ ಏಳುತ್ತಿತ್ತು. "ಈ ಪೆಟ್ಟಿಗೆಗೆ ಕಾವೇ ಶತ್ರು ಕಣಮ್ಮ," ಅಂತ ಅಪ್ಪ ಆಗಾಗ ಹೇಳುತ್ತಿದ್ದರು. ಅಪ್ಪನ ಮಾತನ್ನು ನಾನು ಗಮನವಿಟ್ಟು ಕೇಳಿದ್ದು ಕಡಿಮೆ, ಇದೊಂದನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಂಡಿದ್ದೆ.

ಆ ಭಾನುವಾರ ಸಾಯಂಕಾಲ ಆರೂವರೆಗೆ ಅಕ್ಕ ಟೀವಿಯಲ್ಲಿ ಬರುವವಳಿದ್ದಳು. ಅವಳ ಶಾಲೆಯ ಹನ್ನೆರಡು ಹುಡುಗಿಯರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಒಂದು ಹಾಡು ಹಾಡಿಸಿ ಚಿತ್ರ ಹಿಡಿದಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವಳು. ಹಾಡಿನ ನಡುವೆ ಎರಡು ಸಾಲು ಅವಳೊಬ್ಬಳದೇ. ಅವಳಿಗೆ ಹದಿಮೂರು ವರ್ಷ, ನನಗೆ ಒಂಬತ್ತು. ಒಂದು ವಾರದಿಂದ ಅವಳದು ಒಂದೇ ಮಾತು: "ನಾನು ಹೆಂಗ್ ಕಾಣ್ತೀನೋ ಏನೋ ಕಣೇ. ಜಡೆ ಮುಂದೆ ಬಿಟ್ಟಿದ್ನೋ ಹಿಂದೆ ಬಿಟ್ಟಿದ್ನೋ ಜ್ಞಾಪಕಾನೇ ಇಲ್ಲ." ನಮ್ಮ ಬೀದಿಯಲ್ಲಿ ಇನ್ನೊಂದು ಟೀವಿ ಇರಲಿಲ್ಲ. ಒಮ್ಮೆ ತೋರಿಸಿದರೆ ತೋರಿಸಿದಂತೆ, ಮತ್ತೆ ನೋಡುವ ದಾರಿಯೂ ಇರಲಿಲ್ಲ.

ಬೆಳಗಿನ ಕಾರ್ಯಕ್ರಮ ಮುಗಿದು ಅಪ್ಪ ಟೀವಿ ಆರಿಸಿದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ನಾನು ಅದರ ನೆತ್ತಿ ಮುಟ್ಟಿ ನೋಡಿದೆ. ದೋಸೆ ಹುಯ್ಯುವಷ್ಟು ಕಾದಿದೆ ಅನ್ನಿಸಿತು. ಸಾಯಂಕಾಲ ಅಕ್ಕ ಬರುವ ಹೊತ್ತಿಗೆ ಇದು ಕಾವಿನಿಂದ ಕೈಕೊಟ್ಟರೆ ಏನು ಗತಿ? ಎಲ್ಲರೂ ಹುಳು ಮನೆಯಲ್ಲಿದ್ದರು. ನಾನು ತೊಟ್ಟಿಯಿಂದ ಒಂದು ಗೋಣಿ ತಂದೆ. ನನ್ನ ಕೈಯಲ್ಲಿ ಎಷ್ಟು ಹಿಂಡಲಾದೀತು, ಅರ್ಧ ನೀರು ಅದರಲ್ಲೇ ಉಳಿದಿತ್ತು. ಎರಡು ಮಡಿಕೆ ಮಾಡಿ ಟೀವಿಯ ಮೇಲೆ ಹೊದಿಸಿದೆ. ಒಳಗೆ ಚುಯ್ ಅಂತು. ಆಮೇಲೆ ಎಲ್ಲೋ ಸಣ್ಣಗೆ ಟಿಣ್ ಅಂತ ಕೇಳಿಸಿತು. ಪಾಪ, ಹಾಯಾಯಿತೇನೋ ಅಂದುಕೊಂಡು ಊಟಕ್ಕೆ ಹೋದೆ.

ಮೂರು ಗಂಟೆಗೆ ಅಪ್ಪನ ಹೆಜ್ಜೆ ಸದ್ದು ಕೇಳಿದಾಗಷ್ಟೇ ಗೋಣಿ ತೆಗೆದು ಬಾಗಿಲ ಹಿಂದೆ ಎಸೆದೆ. ಯಾಕೆ ಬಚ್ಚಿಟ್ಟೆನೋ ಗೊತ್ತಿಲ್ಲ, ಎದೆಗೆ ಮೊದಲೇ ತಿಳಿದಿರಬೇಕು. ಸಾಯಂಕಾಲಕ್ಕೆ ಎಲ್ಲ ಸರಿಯಿದೆಯೇ ನೋಡೋಣ ಅಂತ ಅಪ್ಪ ಗುಂಡಿ ತಿರುಗಿಸಿದರು. ಸೀಳುಗಳ ಒಳಗೆ ಏನೋ ಒಂದು ಕ್ಷಣ ಮಿಣುಕಿ ನಂದಿತು. ಯಾವ ಬುರುಡೆಯೂ ಕೆಂಪಾಗಲಿಲ್ಲ. ಅಕ್ಕ ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ಓಡಿ ಬಂದಳು. "ಏನಪ್ಪಾ ಆಯ್ತು? ಬರುತ್ತಲ್ವಾ?" ಅಪ್ಪ ಸೈಕಲ್ ಹತ್ತಿ ಪೇಟೆಗೆ ಹೋದರು.

ಅಪ್ಪನ ಜೊತೆ ಬಂದವರು ರೇಡಿಯೋ ರಿಪೇರಿ ಮಾಡುವ ಚಾಚಾ. ನಾವು ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ತಗಡಿನ ಪೆಟ್ಟಿಗೆಯನ್ನು ಹೊಸಿಲ ಹೊರಗಿಟ್ಟು, ಹೇಳಿಸಿಕೊಳ್ಳದೆಯೇ ಕೈಕಾಲು ತೊಳೆದು ಒಳಗೆ ಬಂದರು. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು, ಹುಳು ಸಾಕುವ ಮನೆಯ ಮಡಿ ಅವರಿಗೆ ಗೊತ್ತಿತ್ತು. ನಮ್ಮ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚಿನ ನಿದ್ದೆ. ಎದ್ದ ಮೇಲೆ ಅವುಗಳ ಹಸಿವನ್ನು ಕೇಳಬೇಡಿ. ಅಪ್ಪ ಸೊಪ್ಪು ಕೊಯ್ಯಲು ತೋಟಕ್ಕೆ ಓಡಿದರು, ಅಮ್ಮ ಮತ್ತು ಅಕ್ಕ ಸೊಪ್ಪು ಹಾಕಲು ಹೋದರು. ಚಾಚಾ ಜೊತೆ ಉಳಿದವಳು ನಾನೊಬ್ಬಳೇ. ಅವರು ಟೀವಿಯ ಹಿಂದೆ ಕೂತು, ಅಮ್ಮ ಕುಂಕುಮ ಇಡುವ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು ಟೀವಿಯ ಮುಂದೆ ನಿಲ್ಲಿಸಿದರು. ಹಿಂದೆ ಕೆಲಸ ಮಾಡುತ್ತಲೇ ಮುಂದಿನ ಗಾಜಿನಲ್ಲಿ ಏನು ಕಾಣುತ್ತದೆ ಅಂತ ಅವರು ಆ ಕನ್ನಡಿಯಲ್ಲಿ ನೋಡಬೇಕಿತ್ತು.

ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆ ಜೇಡರ ಬಲೆ, ತಂತಿಗಳು, ಸಾಲಾಗಿ ಗಾಜಿನ ಬುರುಡೆಗಳು. "ಇವೆಲ್ಲಾ ಒಂದೇ ದಾರದ ಹೂವು ಇದ್ದಂಗಮ್ಮ," ಅಂದರು ಚಾಚಾ. "ಒಂದು ಕಡೆ ದಾರ ಹರಿದ್ರೆ ಎಲ್ಲಾ ಹೋಯ್ತು. ಎಲ್ಲಿ ಹರಿದಿದೆ ಅಂತ ಹುಡುಕಬೇಕು." ಒಂದೊಂದೇ ಬುರುಡೆಯನ್ನು ಕಿತ್ತು, ಮೀಟರಿನ ಎರಡು ಕಡ್ಡಿ ತಾಗಿಸಿ, ಮುಳ್ಳು ಅಲುಗುತ್ತದೆಯೇ ನೋಡಿ ಮತ್ತೆ ಸಿಕ್ಕಿಸುತ್ತಿದ್ದರು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಪ್ರತಿ ಹತ್ತು ನಿಮಿಷಕ್ಕೆ ಅಕ್ಕ ಬಾಗಿಲಲ್ಲಿ ತಲೆ ಹಾಕಿ, ಏನೂ ಕೇಳದೆ, ನಮ್ಮ ಮುಖ ನೋಡಿ ವಾಪಸ್ ಹೋಗುತ್ತಿದ್ದಳು. ಅವಳು ಕೇಳಿದ್ದರೆ ವಾಸಿಯಿತ್ತು.

"ಕನ್ನಡಿ ಯಾಕಮ್ಮ ಬಾಗಿಲ ಕಡೆ ತಿರುಗ್ತಾ ಇದೆ?"

"ಕೈ ನೋಯ್ತಾ ಇದೆ ಚಾಚಾ."

ಐದನೆಯದೋ ಆರನೆಯದೋ ಬುರುಡೆ ಕಿತ್ತಾಗ ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಸಿಕ್ತು ನೋಡು. ಚೆನ್ನಾಗಿರೋದರ ತಲೆ ಕನ್ನಡಿ ತರ ಹೊಳೀತದೆ. ಇದು ಹಾಲಿನಂಗೆ ಬೆಳ್ಳಗಾಗಿದೆ. ಗಾಜು ಸೀಳಿ ಗಾಳಿ ಒಳಗೆ ಹೋಗ್ಬಿಟ್ಟಿದೆ." ನಾನೂ ನೋಡಿದೆ, ಕೂದಲೆಳೆಯಂಥ ಬಿರುಕು. ಆ ಟಿಣ್ ಸದ್ದು ಮತ್ತೆ ಕಿವಿಯಲ್ಲಿ ಕೇಳಿಸಿತು. "ಸುಮ್ಸುಮ್ನೆ ಸೀಳೋದಿಲ್ವಲ್ಲ ಇದು," ಅಂತ ಅವರು ತಮಗೆ ತಾವೇ ಹೇಳಿಕೊಂಡರು. ಅಂಥದ್ದೇ ಇನ್ನೊಂದು ಬುರುಡೆ ಅವರ ಪೆಟ್ಟಿಗೆಯಲ್ಲಿರಲಿಲ್ಲ, ಬೆಂಗಳೂರಿನಿಂದಲೇ ತರಿಸಬೇಕು. "ಸದ್ಯಕ್ಕೆ ಇದರ ಜಾಗದಲ್ಲಿ ಕರೆಂಟು ದಾಟೋ ಒಂದು ತುಂಡು ಕಟ್ಟಿ ದಾರ ಕೂಡಿಸ್ತೀನಿ. ಮಿಕ್ಕಿದ್ದು ಹೊತ್ತಿಕೊಳ್ಳಲಿ, ಏನ್ ಬರುತ್ತೋ ನೋಡಣ," ಅಂದರು. ಬೆಸುಗೆಯ ಹೊಗೆ ಹುಳುಗಳಿಗೆ ತಾಗದಿರಲಿ ಅಂತ ಬೀದಿ ಕಡೆಯ ಕಿಟಕಿ ತೆರೆಸಿ, ಒಂದು ಗಟ್ಟಿ ಪುಟ್ಟ ತುಂಡನ್ನು ತಂತಿಗಳ ನಡುವೆ ಬೆಸೆದರು. ಐದೂಕಾಲು ಆಗಿತ್ತು.

"ಪ್ಲಗ್ ಸಿಕ್ಕಿಸಿದೀನಿ. ನಾನು ಇಲ್ಲಿ ಹಿಡ್ಕೊಂಡು ನೋಡ್ತೀನಿ, ನೀನು ಸ್ವಿಚ್ ಹಾಕಮ್ಮ," ಅಂದರು ಚಾಚಾ. ಅವರ ಬಲಗೈ ಮೊಣಕೈವರೆಗೂ ಪೆಟ್ಟಿಗೆಯೊಳಗಿತ್ತು.

ನಾನು ಕನ್ನಡಿ ಕೆಳಗಿಟ್ಟು ಗೋಡೆಯ ಸ್ವಿಚ್ಚಿಗೆ ಕೈ ಚಾಚಿದೆ. ಅಲ್ಲಿಂದ ಟೀವಿಯ ಬೆನ್ನು ಓರೆಯಾಗಿ ಕಾಣುತ್ತಿತ್ತು. ಚಿತ್ರ ಮೂಡುವ ದೊಡ್ಡ ಗಾಜಿನ ಕೊಳವೆಯ ಆಚೆ, ಚಾಚಾಗೆ ಕಾಣದ ಮೂಲೆಯಲ್ಲಿ, ತಗಡಿನ ಮೇಲೆ ನೀರು ನಿಂತು ಮಿನುಗುತ್ತಿತ್ತು. ನನ್ನ ಗೋಣಿಯ ನೀರು. ನೀರಿದ್ದ ಕಡೆ ಕರೆಂಟು ಮುಟ್ಟಿದರೆ ಪ್ರಾಣವೇ ಹೋಗುತ್ತದೆ ಅಂತ ಅಪ್ಪ ಗದರಿದ್ದು ನೆನಪಾಯಿತು. ಸ್ವಿಚ್ ಹಾಕಿದರೆ ಚಾಚಾ ಸಾಯುತ್ತಾರೆ. ಬಾಯಿ ಬಿಟ್ಟರೆ ಅಕ್ಕನ ಹಾಡು ಹಾಳು ಮಾಡಿದವಳು ನಾನೇ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಇದರಲ್ಲಿ ಯೋಚನೆ ಮಾಡುವುದೇನಿತ್ತು ಅಂತ ನೀವು ಕೇಳಬಹುದು. ಆದರೂ ಒಂದು ಉಸಿರಿನಷ್ಟು ಹೊತ್ತು ನಾನು ಯೋಚಿಸಿದೆ ಮಕ್ಕಳೇ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಚಾಚಾ, ಕೈ ತೆಗೀರಿ! ಅಲ್ಲಿ ನೀರಿದೆ!" ಅಂತ ಕಿರುಚಿ ಅಲ್ಲೇ ಕುಸಿದು ಕೂತೆ. ಅಳುತ್ತಲೇ ಕಾವು, ಗೋಣಿ, ಟಿಣ್ ಸದ್ದು, ಎಲ್ಲ ಹೇಳಿದೆ.

ಚಾಚಾ ನಿಧಾನವಾಗಿ ಕೈ ಹೊರಗೆ ತೆಗೆದರು. ಪ್ಲಗ್ ಕಿತ್ತರು. ಬಗ್ಗಿ ಆ ಮೂಲೆ ನೋಡಿದರು, ಆಮೇಲೆ ತಮ್ಮ ಅಂಗೈ ನೋಡಿಕೊಂಡರು. "ಹುಳಕ್ಕೆ ಮಾಡೋ ಆರೈಕೆ ಇದಕ್ಕೂ ಮಾಡ್ದೆ," ಅಂದರು ಕೊನೆಗೆ. "ಬಾಯಿ ಬಿಟ್ಟೆಯಲ್ಲ, ಅಷ್ಟು ಸಾಕು. ಕಣ್ಣು ಒರೆಸ್ಕೊ. ಚಳಿಗಾಲದಲ್ಲಿ ಹುಳು ಮನೇಲಿ ಇಡೋ ಅಗ್ಗಿಷ್ಟಿಕೆ ಇದೆಯಲ್ಲ, ಅದರಲ್ಲಿ ಒಂದಿಷ್ಟು ಕೆಂಡ ತಾ."

ಒಲೆಯ ಕೆಂಡ ತುಂಬಿ ತಂದೆ. ಚಾಚಾ ಹಳೇ ಬಟ್ಟೆಯಿಂದ ನೀರು ಹೀರಿ, ಬೂದಿ ಮುಚ್ಚಿದ ಕೆಂಡವನ್ನು ಪೆಟ್ಟಿಗೆಯ ಹಿಂದೆ ಒಂದು ಮೊಳ ದೂರದಲ್ಲಿಟ್ಟು, ಬೀಸಣಿಗೆಯಿಂದ ಕಾವನ್ನು ಒಳಗೆ ತಳ್ಳುತ್ತ ಕೂತರು. ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದ ಅಪ್ಪ ಇದೇನು ಅಂತ ಕೇಳಿದರು. "ಗಾಜು ಸೀಳಿದೆ ಸ್ವಾಮಿ. ಒಳಗೆ ತೇವ ಇದೆ, ಒಣಗಿಸ್ತಾ ಇದೀನಿ," ಅಂದರು ಚಾಚಾ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. "ಹುಳು ಮನೆ ಪಕ್ಕ ಅಲ್ವಾ, ತೇವ ಹೊಡೆದಿರಬೇಕು," ಅಂತ ಅಪ್ಪ ತಾವೇ ಕಾರಣ ಹುಡುಕಿಕೊಂಡರು.

ಆರು ಗಂಟೆಗೇ ಬೀದಿಯವರು ಬಂದು ಚಾಪೆಯ ಮೇಲೆ ಕೂತರು. ಅಕ್ಕ ಕೈ ತೊಳೆದು, ತಲೆ ಬಾಚಿ, ಎಲ್ಲರಿಗಿಂತ ಮುಂದೆ ಕೂತಳು. ಆರೂ ಇಪ್ಪತ್ತಕ್ಕೆ ಚಾಚಾ ತಾವೇ ಸ್ವಿಚ್ ಹಾಕಿದರು. ಬುರುಡೆಗಳು ಮೆಲ್ಲಗೆ ಕೆಂಪಾದವು. ಕಾದ ಧೂಳಿನ ವಾಸನೆ ಬಂತು, ಅದರ ಹಿಂದೆಯೇ ಏನೋ ಸುಟ್ಟ ವಾಸನೆಯೂ ಬಂತು. ಗೊರಗೊರ ಸದ್ದಾಗಿ, ಒಬ್ಬ ಹೆಂಗಸು ಮಾತಾಡುವುದು ಕೇಳಿಸಿತು. ಜನ ಹೋ ಅಂದರು. ಆದರೆ ಗಾಜಿನ ನಡುವೆ, ಈ ತುದಿಯಿಂದ ಆ ತುದಿಗೆ, ಬೆಳ್ಳಗಿನ ಒಂದು ಗೆರೆ ಮೂಡಿತು. ಅಷ್ಟೇ. ಗೆರೆಯ ಮೇಲೂ ಕತ್ತಲು, ಕೆಳಗೂ ಕತ್ತಲು. ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಹರಡುವ ಕೆಲಸ ನಾನು ಸೀಳಿಸಿದ ಆ ಬುರುಡೆಯದೇ ಅಂತೆ.

ಹಾಡು ಶುರುವಾಯಿತು. ಹನ್ನೆರಡು ಹುಡುಗಿಯರೂ ಆ ಒಂದು ಗೆರೆಯೊಳಗೆ ಮಲಗಿಕೊಂಡು ಹಾಡಿದರು. ನಡುವೆ ಅಕ್ಕನ ಎರಡು ಸಾಲು ಬಂದವು, ಸ್ವಚ್ಛವಾಗಿ, ಎಲ್ಲೂ ತಡವರಿಸದೆ. ಪಕ್ಕದ ಮನೆಯ ಅಜ್ಜಿ ಬಗ್ಗಿ ನೋಡಿ, "ಇದರಲ್ಲಿ ನಿನ್ ಮಗಳು ಯಾವುದಮ್ಮ?" ಅಂತ ಅಮ್ಮನನ್ನು ಕೇಳಿದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಹಾಡು ಮುಗಿದ ಮೇಲೆ ಒಂದು ಸಲ ತಿರುಗಿ ನನ್ನನ್ನು ನೋಡಿ, ಎದ್ದು ಹುಳುಗಳಿಗೆ ಸೊಪ್ಪು ಹಾಕಲು ಹೋದಳು. ನಾನೂ ಹಿಂದೆ ಹೋದೆ. ಹೇಳಬೇಕು ಅಂತಲೇ ಹೋದೆ, ಆದರೆ ಸೊಪ್ಪು ಎತ್ತಿಕೊಟ್ಟು ಹಾಗೇ ವಾಪಸ್ ಬಂದೆ. ಒಂದು ವಾರದಲ್ಲಿ ಬೆಂಗಳೂರಿನಿಂದ ಹೊಸ ಬುರುಡೆ ಬಂತು, ಟೀವಿ ಇನ್ನೂ ಎಷ್ಟೋ ವರ್ಷ ನಡೆಯಿತು. ಅಕ್ಕನ ಹಾಡು ಮಾತ್ರ ಮತ್ತೆ ಬರಲಿಲ್ಲ.

ಮೊನ್ನೆ ನೀವೆಲ್ಲ ಸೇರಿ ನನ್ನ ಅಕ್ಕನನ್ನು, ಅಂದರೆ ನಿಮ್ಮ ದೊಡ್ಡಜ್ಜಿಯನ್ನು, ಪೀಡಿಸಿ ಅದೇ ಎರಡು ಸಾಲು ಹಾಡಿಸಿ ಫೋನಿನಲ್ಲಿ ವಿಡಿಯೋ ಮಾಡಿದಿರಲ್ಲ. ಅವಳು ನೋಡದೆಯೇ "ಸಾಕು, ಅದನ್ನ ಅತ್ತ ಇಡ್ರಪ್ಪ," ಅಂದಳು. "ಚೆನ್ನಾಗಿ ಬಂದಿಲ್ವಾ? ಇನ್ನೊಂದು ಸಲ ತೆಗೀತೀವಿ," ಅಂದಿರಿ ನೀವು. ಇನ್ನೊಂದು ಸಲ! ನಿಮ್ಮ ಲೋಕದಲ್ಲಿ ಎಲ್ಲಕ್ಕೂ ಇನ್ನೊಂದು ಸಲ ಇದೆ. ಬೇಡದ್ದನ್ನು ಅಳಿಸುತ್ತೀರಿ, ಬೇಕಾದ್ದನ್ನು ನೂರು ಬಾರಿ ನೋಡುತ್ತೀರಿ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನೀವು ಆಡಲು ಹೋದ ಮೇಲೆ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಅಕ್ಕನ ಮುಂದೆ ಹೇಳಿಬಿಟ್ಟೆ.

"ಅವತ್ತೇ ಗೊತ್ತಾಯ್ತು ಕಣೇ," ಅಂದಳು ಅಕ್ಕ. "ಟೀವಿ ಕಾದ ತಕ್ಷಣ ಒಳಗೆ ಬಿದ್ದಿದ್ದ ಗೋಣಿ ನಾರು ಸುಟ್ಟ ವಾಸನೆ ಬಂತಲ್ಲ. ಹುಳು ಮನೇಲಿ ಬೆಳೆದೋಳಿಗೆ ಗೋಣಿ ವಾಸನೆ ತಿಳಿಯಲ್ವಾ?"

"ಮತ್ಯಾಕೆ ಅಪ್ಪಂಗೆ ಹೇಳ್ಲಿಲ್ಲ?"

"ಅವತ್ತು ರಾತ್ರಿ ನೀನು ಮುದ್ದೆ ಮುಟ್ಟಲಿಲ್ಲ. ಇನ್ನೇನ್ ಹೇಳೋದು?"

ಅಕ್ಕ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡಳು, ನೀವು ಬಿಟ್ಟುಹೋಗಿದ್ದ ಫೋನನ್ನು ನನ್ನ ಕಡೆ ತಳ್ಳಿದಳು. "ಹಾಕು ಅದನ್ನ, ನೋಡಣ." ನಾನು ಹಾಕಿದೆ. ಎರಡು ಸಾಲೂ ಮುಗಿಯುವವರೆಗೆ ಅವಳು ರೆಪ್ಪೆ ಬಡಿಯದೆ ನೋಡಿದಳು.

"ಪರವಾಗಿಲ್ಲ ಕಣೇ," ಅಂದಳು ಕೊನೆಗೆ. "ಆ ಗೆರೆಗಿಂತ ಚೆನ್ನಾಗೇ ಕಾಣ್ತೀನಿ."