ಕಂಬಳಿ ಮಾವನಿಗೆ ಹೇಳಿದ ಸುಳ್ಳು

ಕಂಬಳಿ ಮಾವನ ಎಡಗಾಲಿನ ಹೆಬ್ಬೆರಳು ಬಲಗಾಲಿನದಕ್ಕಿಂತ ಎದ್ದು ಕಾಣುವಷ್ಟು ದಪ್ಪ. ಅದರ ಬುಡದಲ್ಲಿ ಸುತ್ತಲೂ ಒಂದು ಗೆರೆ, ಎಷ್ಟೋ ವರ್ಷ ಕಾಲುಂಗುರ ಹಾಕಿ ತೆಗೆದಂತೆ. ಉಣ್ಣೆಯ ದಾರಕ್ಕೆ ಹುರಿ ಹಾಕುವಾಗ ಅದರ ತುದಿಯನ್ನು ಆ ಬೆರಳಿಗೆ ಸುತ್ತಿ ಎಳೆದು ಎಳೆದು ಬಿದ್ದ ಗೆರೆ ಅದು. ಚಪ್ಪಲಿ ಕೊಳ್ಳಲು ಹೋದರೆ ಎಡಗಾಲಿಗೊಂದು ಅಳತೆ, ಬಲಗಾಲಿಗೊಂದು ಅಳತೆ ಕೇಳುತ್ತಿದ್ದರು. ಅಂಗಡಿಯವನು "ಹಂಗಾರೆ ಎರಡು ಜೊತೆ ತಗಳ್ರಿ" ಅಂದರೆ, "ನನಗೇನು ನಾಕು ಕಾಲು ಅದಾವೇನಪ್ಪ?" ಎಂದು ಬರಿಗಾಲಲ್ಲೇ ವಾಪಸಾಗುತ್ತಿದ್ದರು.

ಅವರು ನನಗೆ ಸ್ವಂತ ಮಾವನಲ್ಲ. ಹೊಸದುರ್ಗದ ನಮ್ಮ ಓಣಿಯಲ್ಲಿ ಎದುರು ಮನೆಯವರು. ಓಣಿಗೆ ಇದ್ದದ್ದು ಅವರದೊಂದೇ ಮಗ್ಗ. ಮುಂದಿನ ಕೋಣೆಯಲ್ಲಿ ನೆಲಕ್ಕೆ ತೋಡಿದ ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತ ಮಾವ, ಅವರ ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಕಪ್ಪು ಉಣ್ಣೆಯ ಜುಂಗು. ಚಿಕ್ಕವರಿದ್ದಾಗ ನಾವು ಶಾಲೆ ತಪ್ಪಿಸಿ ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಅವರ ಉಣ್ಣೆ ರಾಶಿಯ ಹಿಂದೆ. ನಮ್ಮಪ್ಪ ಹುಡುಕಿಕೊಂಡು ಬಂದು ಕೇಳಿದರೆ ಅವರು ಸುಳ್ಳೂ ಹೇಳುತ್ತಿರಲಿಲ್ಲ, ನಮ್ಮನ್ನು ಹಿಡಿದೂ ಕೊಡುತ್ತಿರಲಿಲ್ಲ. "ಉಣ್ಣೆ ಮುಟ್ಟಬ್ಯಾಡ್ರಿ ಮೇಷ್ಟ್ರೇ, ಈಗಿನ್ನ ಬಿಡಿಸಿಟ್ಟೀನಿ" ಅನ್ನುತ್ತಿದ್ದರು.

ಅವರಿಗೆ ಒಂದು ಚಟವಿತ್ತು. ಎದುರಿಗೆ ಯಾರು ಬಂದರೂ ಮೊದಲು ಅವರ ಮೈಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡುವುದು, ಮಾತೆಲ್ಲ ಆಮೇಲೆ. ಮದುವೆಮನೆಯಲ್ಲಿ ಮದುಮಗನ ಕೋಟನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಪಹಣಿಯ ಕೆಲಸಕ್ಕೆ ಕಚೇರಿಗೆ ಹೋದವರು ಸಾಹೇಬರ ಕೋಟಿನ ತೋಳು ಉಜ್ಜಿ, "ಇದು ಉಣ್ಣೇದಲ್ಲ ಸ್ವಾಮಿ, ಯಾರೋ ನಿಮಗೆ ಟೋಪಿ ಹಾಕ್ಯಾರೆ" ಅಂದುಬಿಟ್ಟರಂತೆ. ಕೆಲಸ ಆರು ತಿಂಗಳು ಮುಂದೆ ಹೋಯಿತು. "ಹೋದ್ರೆ ಹೋಗ್ಲಿ ಬಿಡು. ಆ ಮನುಷ್ಯ ಚಳಿಗಾಲ ಪೂರಾ ನಡುಗಬೇಕಾಗಿತ್ತಲ್ಲ" ಎಂದು ಅದಕ್ಕೂ ಅವರೇ ಮರುಗುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಬಂದರೆ ನಾಲ್ಕೈದು ಗೆಳೆಯರು ಸೇರಿ ಕೋಟೆಯ ಬಂಡೆಗಳನ್ನು ಹತ್ತುವುದು ನಮ್ಮ ಹುಚ್ಚು. ಹಾಗೆ ಹತ್ತುತ್ತ ಹತ್ತುತ್ತ ಬೆಂಗಳೂರಿನ ಒಂದು ಸಾಹಸಿಗರ ಸಂಘದ ಪರಿಚಯವಾಗಿ, ಅವರು ಹಿಮಾಲಯಕ್ಕೆ ಹೊರಡಿಸಿದ್ದ ತಂಡದಲ್ಲಿ ನನಗೂ ಒಂದು ಜಾಗ ಸಿಕ್ಕಿತು. ಗಢವಾಲದ ಕಡೆಯ, ಇಪ್ಪತ್ತು ಸಾವಿರ ಅಡಿಗೆ ಹತ್ತಿರದ ಶಿಖರ. ದಾರಿ ತೋರಿಸಲು ಒಬ್ಬ ಅನುಭವಿ ಶೆರ್ಪಾ, ಸಾಮಾನು ಹೊರಲು ಆ ಕಡೆಯ ಕೂಲಿಗಳು. ಹಗ್ಗ, ಬೂಟು, ಟೆಂಟು ಎಲ್ಲ ಸಂಘದ್ದೇ. ಮೈಗೆ ಬೆಚ್ಚನೆಯದನ್ನು ಮಾತ್ರ ಅವರವರೇ ತರಬೇಕು.

ಸುದ್ದಿ ಕೇಳಿದ್ದೇ ತಡ, ಮಾವ ಮಗ್ಗದ ಮೇಲಿದ್ದ ಕೆಲಸವನ್ನು ಬದಿಗಿಟ್ಟರು. ಹಿರಿಯೂರಿನ ಸಂತೆಗೆ ತಾವೇ ಹೋಗಿ ಮೊದಲ ಸಲ ಕತ್ತರಿ ಕಂಡ ಕರಿ ಕುರಿಮರಿಗಳ ಉಣ್ಣೆಯನ್ನು ಆರಿಸಿ ತಂದರು. ಅತ್ತೆ ರಾಟೆ ಹಿಡಿದು ಕೂತರು. ಹುಣಸೆ ಬೀಜ ಹುರಿದು, ನೆನೆಸಿ, ರುಬ್ಬಿ ಕಾಯಿಸಿದ ಗಂಜಿಯನ್ನು ಮಾವ ಹಾಸಿನ ದಾರಕ್ಕೆ ಒಂದು ಸಲ ಹಚ್ಚುತ್ತಿದ್ದವರು ಈ ಬಾರಿ ಎರಡು ಸಲ ಹಚ್ಚಿದರು. "ಹಿಮ ಅಂದ್ರೆ ಏನು ಅಂತ ನಾನು ಕಂಡಿಲ್ಲ. ಮಳೆ ತಡೆಯೋದು ಗೊತ್ತೈತೆ. ಅದನ್ನೂ ತಡೀತೈತೋ ಇಲ್ವೋ, ನೋಡೇಬಿಡಾಣ" ಅಂದರು. ಅವರಿಗೆ ಅದೊಂದು ಪಂದ್ಯದಂತೆ ಆಗಿಹೋಗಿತ್ತು. ನಾನು ಹಿಮಾಲಯ ಹತ್ತುವುದಕ್ಕಿಂತ ಅವರ ಕಂಬಳಿ ಅಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದೇ ಅವರಿಗೆ ದೊಡ್ಡದು.

ಗೊತ್ತಾಗಿದ್ದ ದಿನಕ್ಕಿಂತ ಮೊದಲೇ ಹೊರಡಬೇಕೆಂದು ತಂತಿ ಬಂತು. ಮಾವ ಎರಡು ದಿನ ಗುಂಡಿಯಿಂದ ಮೇಲೇಳಲಿಲ್ಲ. ನಾನು ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ, ಯಾರದೋ ಗಾಡಿ ಹತ್ತಿಕೊಂಡು ಬಂದು ಕಂಬಳಿಯನ್ನು ನನ್ನ ಹೆಗಲ ಮೇಲೆ ಹಾಕಿದರು. ಹಲಗೆಯಂತೆ ಬಿರುಸಾಗಿತ್ತು. "ಹಳ್ಳದಾಗೆ ನೆನೆಸಿ ತುಳಿದು ಕೊಡೋದು ನಮ್ಮ ಪದ್ಧತಿ. ಟೈಮ್ ಆಗ್ಲಿಲ್ಲ ಕಣಪ್ಪ, ಬೇಜಾರು ಮಾಡ್ಕಬ್ಯಾಡ" ಅಂದರು. ರೈಲು ಹೊರಟಾಗ ಕಿಟಕಿಯ ಪಕ್ಕ ನಡೆಯುತ್ತ, "ಬಂದು ಹೇಳ್ಬೇಕು ಮತ್ತೆ, ತಂಡಿ ತಡೀತಾ ಇಲ್ವಾ ಅಂತ" ಎಂದು ಕೂಗಿದರು. ಹೂಂ ಮಾವ, ಹೂಂ ಎಂದು ನಾನೂ ಕೂಗಿದೆ.

ಇನ್ನು ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು.

ತಂಡದಲ್ಲಿ ದೆಹಲಿ, ಮುಂಬಯಿಯ ಹುಡುಗರೂ ಇದ್ದರು. ಅವರ ಮೈಮೇಲೆ ಹಕ್ಕಿಯ ಪುಕ್ಕ ತುಂಬಿದ, ಕೆಂಪು ನೀಲಿ ಬಣ್ಣದ ಜಾಕೆಟ್ಟುಗಳು. ನನ್ನ ಹತ್ತಿರ, ದಾರಿಯುದ್ದಕ್ಕೂ ಗಂಟಿನಲ್ಲೇ ಇದ್ದ, ಮುಗ್ಗಲು ಕುರಿಯ ವಾಸನೆಯ ಕಂಬಳಿ. ಬುಡದ ಶಿಬಿರದಲ್ಲಿ ಮೊದಲ ದಿನವೇ ಒಬ್ಬ ಟೆಂಟಿನೊಳಗೆ ಮೂಗು ಮುಚ್ಚಿಕೊಂಡು, "ಇಲ್ಲಿ ಕುರಿ ಸತ್ತಿದೆಯೇನ್ರೋ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಂಡದ ನಾಯಕರು ಕಂಬಳಿಯ ಅಂಚು ಎತ್ತಿ ಹಿಡಿದು, "ಇದು ಯಾರದು?" ಎಂದು ಕೇಳಿದರು.

"ಗೊತ್ತಿಲ್ಲ ಸರ್, ಕೂಲಿಗಳದ್ದಿರಬೇಕು" ಅಂದೆ.

ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ನನ್ನದು ಅಂದಿದ್ದರೆ ಇನ್ನೊಂದು ಸಲ ನಗುತ್ತಿದ್ದರು, ಅಷ್ಟೇ ತಾನೇ? ಕಂಬಳಿ ಅಡಿಗೆ ಟೆಂಟಿಗೆ ಹೋಯಿತು. ಅಲ್ಲಿ ಅನ್ನದ ಪಾತ್ರೆ ಆರದಂತೆ ಅದನ್ನು ಸುತ್ತಿಡುತ್ತಿದ್ದರು. ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಂಡು ಊಟಕ್ಕೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು, ನಾನು ಬೇರೆ ಕಡೆ ನೋಡುತ್ತಿದ್ದೆ.

ಎರಡನೆಯ ಶಿಬಿರದ ಹೊತ್ತಿಗೆ ನನ್ನ ತಲೆ ಸಿಡಿಯತೊಡಗಿತು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಶೆರ್ಪಾ ನನ್ನ ಕಣ್ಣು ನೋಡಿ, ಇವನನ್ನು ಇಳಿಸಬೇಕು ಅಂದ, ಜೊತೆಗೆ ಬಂದು ಬುಡದ ಶಿಬಿರದಲ್ಲಿ ಬಿಟ್ಟ. ಉಳಿದವರು ಮೇಲೆ ಹೋದರು, ಅವರಲ್ಲಿ ನಾಲ್ವರು ಶಿಖರ ಮುಟ್ಟಿದರು. ಕೋಟೆಯ ಬಂಡೆಯನ್ನು ಬರಿಗಾಲಲ್ಲಿ ಹತ್ತುತ್ತೇನೆಂದು ಕೊಚ್ಚಿಕೊಂಡಿದ್ದ ನಾನು ಸ್ಟವ್ ಪಕ್ಕ ಮುದುಡಿಕೊಂಡು ಗಂಜಿ ಕುಡಿಯುತ್ತಿದ್ದೆ.

ಅದೇ ವಾರದ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹಿಮ ಸುರಿಯಿತು. ಮೇಲಿನಿಂದ ಖಾಲಿ ಡಬ್ಬ ಹೊತ್ತು ಬರುತ್ತಿದ್ದ ಕೂಲಿಯೊಬ್ಬ ತೊರೆಗೆ ಜಾರಿ ಸೊಂಟದವರೆಗೆ ನೆನೆದು, ಹಿಮದಲ್ಲೇ ಕೂತುಬಿಟ್ಟಿದ್ದ. ಹಿಂದೆಯೇ ಇಳಿದು ಬರುತ್ತಿದ್ದ ಶೆರ್ಪಾ ಅವನನ್ನು ಹೆಗಲ ಮೇಲೆ ಹೊತ್ತು ತಂದಾಗ ತುಟಿ ನೀಲಿಯಾಗಿತ್ತು, ನಡುಕವೂ ನಿಂತಿತ್ತು. ಒದ್ದೆ ಬಟ್ಟೆ ಕಿತ್ತೆಸೆದು, ಕೈಗೆ ಮೊದಲು ಸಿಕ್ಕ ಆ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ, ತಾನೂ ಪಕ್ಕದಲ್ಲಿ ಒತ್ತಿಕೊಂಡು ಮಲಗಿದ. ನಾನು ಟೆಂಟಿನ ಬಾಗಿಲಲ್ಲೇ ನಿಂತಿದ್ದೆ. ಆ ಕಂಬಳಿಯನ್ನು ಮುಟ್ಟಲು ನನಗೆ ಆಗಲಿಲ್ಲ. ಬೆಳಗಾಗುವ ಹೊತ್ತಿಗೆ ಕೂಲಿ ಎದ್ದು ಕೂತು ಚಹಾ ಕೇಳಿದ.

ಕಂಬಳಿ ಯಾರದೆಂದು ಶೆರ್ಪಾ ಎಲ್ಲರನ್ನೂ ಕೇಳಿಕೊಂಡು ಬಂದ. ಕೂಲಿಗಳು ತಮ್ಮದಲ್ಲ ಅಂದರು. ಕೊನೆಗೆ ನನ್ನ ಹತ್ತಿರ ಬಂದು ಹಿಂದಿಯಲ್ಲಿ, "ನಮ್ಮ ಊರಲ್ಲೂ ನೇಯ್ತಾರೆ, ಆದರೆ ಹೀಗೆ ಗಾಳಿ ತಡೆಯೋದನ್ನ ನಾನು ನೋಡಿಲ್ಲ. ನೇಯ್ದವನು ಯಾರಂತ ನಿನಗೇನಾದರೂ ಗೊತ್ತಾ? ಅವನಿಗೆ ನನ್ನ ನಮಸ್ಕಾರ ತಲುಪಬೇಕು" ಅಂದ.

ನಾನು ತಲೆಯಾಡಿಸಿದೆ, ಗೊತ್ತಿಲ್ಲ ಎಂದು. ಥೂ, ನನ್ನ ಜನ್ಮಕ್ಕಿಷ್ಟು! ಮೊದಲ ಸಲ ನಗೆಪಾಟಲಾಗುವ ಹೆದರಿಕೆ ಇತ್ತು ಅನ್ನೋಣ. ಈ ಸಲ ಏನಿತ್ತು? ಮೊದಲ ಸುಳ್ಳು ಬಯಲಾಗುವ ಭಯ, ಅಷ್ಟೇ. ಕಂಬಳಿ ಕೂಲಿಗೇ ಹೋಯಿತು. ಅವನು ಅದನ್ನು ಹೊದ್ದುಕೊಂಡೇ ತನ್ನ ಹಳ್ಳಿಗೆ ಇಳಿದುಹೋದ.

ಊರಿಗೆ ಬರುವಷ್ಟರಲ್ಲಿ ಪೇಪರಿನಲ್ಲಿ ತಂಡ ಶಿಖರ ಮುಟ್ಟಿದ ಸುದ್ದಿ ಬಂದಿತ್ತು, ಹೆಸರುಗಳ ಸಾಲಿನಲ್ಲಿ ನನ್ನದೂ ಇತ್ತು. ದುರ್ಗದಲ್ಲಿ ಹಾರ ಹಾಕಿದರು, ಶಾಲೆಗಳಿಗೆ ಕರೆದು ಭಾಷಣ ಮಾಡಿಸಿದರು. ಶಿಖರ ಮುಟ್ಟಿದೆ ಎಂದು ನಾನು ಎಲ್ಲೂ ಹೇಳಲಿಲ್ಲ. ಮುಟ್ಟಲಿಲ್ಲ ಎಂದೂ ಹೇಳಲಿಲ್ಲ.

ಹೊಸದುರ್ಗಕ್ಕೆ ಹೋದ ದಿನ ಮಾವ ತಮ್ಮ ಮನೆಗೆ ಓಣಿಯವರನ್ನೆಲ್ಲ ಕರೆದಿದ್ದರು. ಮಗ್ಗದ ಪಕ್ಕ ಕರಿ ಕಂಬಳಿಯೊಂದನ್ನು ಹಾಸಿ, ಅದರ ನಾಲ್ಕು ಮೂಲೆಗೆ ಭಂಡಾರದ ಅರಿಶಿನ ಇಟ್ಟಿದ್ದರು. ನ್ಯಾಯ ಪಂಚಾಯ್ತಿಗೆ, ಮದುವೆಗೆ ಅವರ ಜನ ಹಾಸುವ ಗದ್ದಿಗೆ ಅದು. ಅದರ ಮೇಲೆ ಕೂತವರು ಸುಳ್ಳಾಡುವಂತಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ಮಾವ ನನ್ನನ್ನು ಪರೀಕ್ಷೆ ಮಾಡಲು ಹಾಸಿರಲಿಲ್ಲ, ಪಾಪ, ಗೌರವಕ್ಕೆ ಹಾಸಿದ್ದರು. "ಬಾರಪ್ಪ, ಕುಂತ್ಕ. ಈಗ ಹೇಳು" ಅಂದರು.

ಕೂತೆ. ತಂಡಿ ತಡೀತು ಮಾವ ಅಂದೆ. ಒಂದು ಸಲವೂ ನಡುಗಲಿಲ್ಲ ಅಂದೆ. ಮೇಲುಗಡೆ ಗಾಳಿಗೆ ಹಾರಿಹೋಯಿತು, ಇಲ್ಲದಿದ್ದರೆ ತಂದು ತೋರಿಸುತ್ತಿದ್ದೆ ಅಂದೆ. ಓಣಿಯವರು ಅಯ್ಯಯ್ಯೋ ಎಂದು ಲೊಚಗುಟ್ಟಿದರು. ಮಾವ ಮುಂದಕ್ಕೆ ಬಾಗಿ, "ಹಿಮದಾಗೆ ಮೊದಲ್ನೆ ಸಲ ನೆಂದಾಗ ಹೆಂಗಿತ್ತು? ಅದನ್ನ ಹೇಳು" ಎಂದು ಕೇಳಿದರು.

"ಏನೂ ಆಗ್ಲಿಲ್ಲ ಮಾವ. ನೀವು ಕೊಟ್ಟಾಗ ಹೆಂಗಿತ್ತೋ ಹಂಗೇ ಇತ್ತು. ಒಂಚೂರೂ ಅಂಟಿಲ್ಲ, ಮೆತ್ತಿಲ್ಲ."

ಮಾವ ಹಿಂದಕ್ಕೆ ಸರಿದು ಕೂತರು. ಮಂಡಕ್ಕಿ, ಚಹಾ ಆಗಿ ಎಲ್ಲರೂ ಎದ್ದುಹೋದ ಮೇಲೆ ಗದ್ದಿಗೆಯನ್ನು ಮಡಿಸುತ್ತ, ನನ್ನ ಮುಖ ನೋಡದೆ ಮೆಲ್ಲಗೆ ಅಂದರು: "ಹೊಸ ಕಂಬಳಿ ನೆಂದ್ರೆ ಗಂಜಿ ಬಿಡ್ತೈತೆ ಕಣಪ್ಪ. ಕೈ, ಮೈ, ಎಲ್ಲಾ ಲೋಳೆ ಆಗ್ತೈತೆ. ಅದಕ್ಕೇ ನಾವು ಹಳ್ಳದಾಗೆ ತುಳಿದು ಕೊಡೋದು. ನಿಂದಕ್ಕೆ ಎರಡು ಕೈ ಹಚ್ಚಿದ್ದೆ." ಗದ್ದಿಗೆಯನ್ನು ಒಳಗಿಟ್ಟು ಬಂದು, "ಉಂಡ್ಕಂಡು ಹೋಗು. ನಿಮ್ಮತ್ತೆ ಮುದ್ದೆ ಮಾಡ್ಯಾಳೆ" ಅಂದರು.

ಆ ಮನೆಯಲ್ಲಿ ಆ ದಿನ ಮುದ್ದೆ ಉಂಡೆ.

ನನ್ನನ್ನು ಸುಡುವುದು ಬರೀ ಸುಳ್ಳಲ್ಲ. ನಿಜ ಆ ಸುಳ್ಳಿಗಿಂತ ದೊಡ್ಡದಾಗಿತ್ತು. ಅವರ ಕಂಬಳಿ ಪಂದ್ಯ ಗೆದ್ದಿತ್ತು, ಒಂದು ಜೀವ ಉಳಿಸಿತ್ತು, ಹುಟ್ಟಿದಾಗಿನಿಂದ ಹಿಮದಲ್ಲೇ ಬೆಳೆದವನೊಬ್ಬ ಅವರಿಗೆ ನಮಸ್ಕಾರ ಕಳಿಸಿದ್ದ. ಅದನ್ನು ಹೇಳಿದ್ದರೆ ಮುದುಕ ಅಲ್ಲೇ ಕುಣಿದುಬಿಡುತ್ತಿದ್ದರು. ಆದರೆ ಹೇಳಬೇಕಾದರೆ ಅದು ಅಡಿಗೆ ಟೆಂಟಿಗೆ ಹೇಗೆ ಹೋಯಿತೆಂದೂ ಹೇಳಬೇಕಿತ್ತಲ್ಲ. ನನ್ನ ಮಾನ ಉಳಿಸಿಕೊಳ್ಳಲು ಅವರ ಗೆಲುವನ್ನು ನುಂಗಿಹಾಕಿದೆ.

ಅವರು ನನ್ನನ್ನು ಯಾರ ಮುಂದೆಯೂ ಬಿಟ್ಟುಕೊಡಲಿಲ್ಲ. "ಏನ್ರಿ, ನಿಮ್ಮ ಕಂಬಳಿ ಹಿಮಾಲಯ ಹತ್ತಿ ಬಂತಂತೆ" ಎಂದು ಯಾರಾದರೂ ಅಂದರೆ, "ನಿಮ್ಕಡೆ ಮಳೆ ಆತೇನ್ರಿ?" ಎಂದು ಮಾತು ತಿರುಗಿಸುತ್ತಿದ್ದರು. ನಾನು ಎದುರು ಸಿಕ್ಕರೆ ಮೊದಲಿನಂತೆಯೇ ಮಾತಾಡುತ್ತಿದ್ದರು. ಒಂದನ್ನು ಮಾತ್ರ ಬಿಟ್ಟಿದ್ದರು, ನನ್ನ ಅಂಗಿಯ ತೋಳನ್ನು ಉಜ್ಜಿ ನೋಡುತ್ತಿರಲಿಲ್ಲ.

ಒಮ್ಮೆ ಹೊಸದುರ್ಗದಿಂದ ದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಹೊಳಲ್ಕೆರೆ ಬರುವುದರೊಳಗೆ ಹೇಳಿಬಿಡಬೇಕು ಅಂದುಕೊಂಡೆ. ಹೊಳಲ್ಕೆರೆ ಬಂತು, ಹೋಯಿತು. ಕೋಟೆ ಕಾಣುವುದರೊಳಗೆ ಅಂದುಕೊಂಡೆ. ಕೋಟೆಯೂ ಕಂಡಿತು. ಅವರು ದಾರಿಯುದ್ದಕ್ಕೂ ನನ್ನ ಸಂಬಳ, ನನ್ನ ಹೆಂಡತಿಯ ಊರು, ಕೂಸಿನ ಕೆಮ್ಮು ಎಲ್ಲ ವಿಚಾರಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, "ಏನೋ ಹೇಳಬೇಕು ಅಂತಿದ್ದಂಗಿತ್ತಲ್ಲಪ್ಪ?" ಎಂದು ಕೇಳಿ ಒಂದು ಗಳಿಗೆ ನಿಂತರು. ಏನಿಲ್ಲ ಮಾವ, ಅಂದೆ. "ಹಂಗಾರೆ ಬತ್ತೀನಿ" ಎಂದು ಜನರ ನಡುವೆ ನಡೆದುಹೋದರು.

ಆ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಮ್ಮ ಓಣಿಯವನೊಬ್ಬ ಕಚೇರಿಗೆ ಬಂದು, "ಕಂಬಳಿ ಮಾವ ಹೋಗ್ಬಿಟ್ರು ಕಣೋ" ಅಂದ. ದುಃಖವಾಯಿತು, ಸುಳ್ಳಲ್ಲ. ಆದರೆ ದುಃಖಕ್ಕಿಂತ ಒಂದು ಕ್ಷಣ ಮೊದಲು ಇನ್ನೊಂದು ಆಯಿತು. ಹಾಯೆನಿಸಿತು. ನನ್ನ ಸುಳ್ಳು ಗೊತ್ತಿದ್ದ ಒಬ್ಬರೇ ಒಬ್ಬರೂ ಹೋದರು, ಇನ್ನು ತಲೆಯೆತ್ತಿ ಆ ಓಣಿಯಲ್ಲಿ ಓಡಾಡಬಹುದು ಎಂದು ಎದೆ ಹಗುರಾಯಿತು. ಎಂಥ ಮನುಷ್ಯ ನಾನು!

ಮಣ್ಣು ಮಾಡಿ ಬಂದ ಮೇಲೆ ಅವರ ಮಗ ನನ್ನ ಪಕ್ಕ ಬಂದು ಕೂತ. "ಅಪ್ಪ ಕೊನೆಕೊನೆಗೆ ಒಂದೇ ಮಾತು ಕೇಳೋನು ಅಣ್ಣ. ಅದು ತಂಡಿ ತಡೀತಾ, ಇಲ್ವಾ, ಅಂತ. 'ಅಣ್ಣಾರು ಅವತ್ತೇ ಹೇಳಿದ್ರಲ್ಲಪ್ಪ, ತಡೀತು ಅಂತ' ಅಂದ್ರೆ ಸುಮ್ಕಾಗೋನು. ಮಾರನೆ ದಿನ ಮತ್ತೆ ಕೇಳೋನು. ಮರೆವು ಬಂದಿತ್ತು ಅಂತ ಕಾಣ್ತೈತೆ" ಅಂದ.

ಮರೆವಲ್ಲ, ನಿಮ್ಮಪ್ಪನಿಗೆ ಉತ್ತರ ಸಿಕ್ಕಿರಲಿಲ್ಲ ಎಂದು ಅವನಿಗೆ ಹೇಳಬೇಕಿತ್ತು. ಆಗಲೂ ಹೊತ್ತು ಮೀರಿರಲಿಲ್ಲ. ಅತ್ತೆ ಒಳಗೇ ಇದ್ದರು, ಕೇಳಿಸಿಕೊಳ್ಳುತ್ತಿದ್ದರು, ಆ ಉಣ್ಣೆ ನೂತವರು ಅವರೇ.

ಇರಬಹುದು, ವಯಸ್ಸಾಗಿತ್ತಲ್ಲ, ಅಂದೆ.